ದವಡಿ ಅಗಲಾತು, ತುಟಿ?

ಮೊನ್ನೆ ಅಕ್ಕ ಫೋನ್ ಮಾಡಿ ಕೇಳಿದ್ಲು, "ನಿನ್ನ ಮಗಳ ಬಾಯಾಗ ಕೀಲಿ ತಿರುವೋದು ಮುಗೀತೇನ? ತುಟಿ ಉಬ್ಬಿಲ್ಲ ಹೌದಿಲ್ಲೋ?" ಆಕಿ ಮಗಗೂ ಡಾಕ್ಟ್ರು ಅದನ್ನ ಹಾಕಸ್ರಿ ಅಂದಾರಂತ. ಅದಕ್ಕ ಬರೀಲಿಕತ್ತೀನಿ.

ನಮ್ಮ ಹುಡುಗಿಗೆ 11 ವರ್ಷ. ಮ್ಯಾಲಿನ ದವಡಿ ಇಕ್ಕಟ್ಟು, ಮ್ಯಾಲಿನ ದವಡಿಹಲ್ಲು ಕೆಳಗಿನವುದರ ಒಳಗ ಕೂಡ್ತಿದ್ದವು. ಅಂಗಳಕ್ಕ ಒಂದು ತಿರುಪಿನ ಕಂಬಿ ಕೂಡಿಸಿ, ದಿನಾ ಕೀಲಿ ಹಾಕಿ ತಿರುವ್ರಿ ಅಂದ್ರು. ಒಂದು ಸಲ ತಿರುವಿದ್ರ ಕಾಲು ಮಿಲಿಮೀಟರ್. ಮೊದಲ ದಿನ ನನ್ನ ಕೈ ನಡುಗಿತ್ತು.

ನಮ್ಮ ಅತ್ತಿಯವರು, "ಹೆಣ್ಣ ಹುಡುಗಿ ಮಾರಿ ಕೆಡ್ತದ, ತುಟಿ ಜೋತ್ ಬೀಳ್ತದ" ಅಂತ ಊಟಾನೂ ಸರಿಯಾಗಿ ಮಾಡ್ಲಿಲ್ಲ. ನಾನೂ ಏನೂ ಅನ್ನಲಿಲ್ಲ. ಉಬ್ಬಹಲ್ಲು ಅಂತ ಸಾಲ್ಯಾಗ ಅನಿಸಿಕೊಂಡಾಕಿ ನಾನು. ನನ್ನ ಮದವಿ ಫೋಟೋದಾಗ ಒಂದರಾಗೂ ಬಾಯಿ ತಗದಿಲ್ಲ. ನನ್ನ ಮಗಳು ಈಗೀಗ ನಗೂವಾಗ ಕೈ ಅಡ್ಡ ಹಿಡೀಲಿಕ್ಕೆ ಚಾಲೂ ಮಾಡಿದ್ಲು.

ಡಾಕ್ಟ್ರಿಗೆ ನೆಟ್ಟಗ ಕೇಳಿದೆ. ಸಣ್ಣವರ ಅಂಗಳದ ಎರಡು ಎಲುಬು ನಡುವ ಇನ್ನೂ ಗಟ್ಟಿ ಬೆಸದಿರೂದಿಲ್ಲ, ಆ ಕೂಡುಗೆರಿ ನಿಧಾನ ಬಿಚ್ಚಿ ಹೊಸ ಎಲುಬು ತುಂಬ್ತದ ಅಂದ್ರು. ತುಟಿ ಮಾತ್ರ ಬರೇ ಎಲುಬಿನ ಮಾತು ಕೇಳೂದಿಲ್ಲ. ಅದು ಮಾಂಸ, ಅದಕ್ಕ ತನ್ನದೇ ದಪ್ಪ, ತನ್ನದೇ ಬಿಗಿ. ದವಡಿ ಐದಾರು ಮಿಲಿಮೀಟರ್ ಅಗಲಾದ್ರೂ ತುಟಿ ಅಷ್ಟು ಹಿಗ್ಗೂದಿಲ್ಲ. ಮೂಗಿನ ಬುಡ ಒಂಚೂರು ಅಗಲಾಗಬಹುದು. ಮುಂದಿನ ಹಲ್ಲು ಮುಂದಕ್ಕ ಬಂದ್ರ ತುಟಿ ಸ್ವಲ್ಪ ಹಿಂದಿಂದ ಬರ್ತದ, ಅದೂ ಪೂರ್ತಿ ಅಲ್ಲ. ದಿಂಬು ಉಬ್ಬಿತು ಅಂದ್ರ ಗವಸು ಬಿಗೀತದ, ಬೆಳಿಯೂದಿಲ್ಲಲಾ, ಹಂಗ. (ಈ ಹೋಲಿಕಿ ನಂದು, ಡಾಕ್ಟ್ರದ್ದಲ್ಲ.) 1860ರಾಗ ಅಮೆರಿಕಾದಾಗ ಎಂಜೆಲ್ ಅನ್ನೋ ಡಾಕ್ಟ್ರು 14 ವರ್ಷದ ಹುಡುಗಿಗೆ ಹಿಂಗ ಮಾಡಿದ್ರಂತ, ಹೊಸಾದೇನೂ ಅಲ್ಲ ಇದು.

ಎಂಟನೇ ದಿನ ಮುಂದಿನ ಎರಡು ಹಲ್ಲಿನ ನಡುವ ಸಂದು ಬಿತ್ತು. ಅತ್ತಿಯವರು ಹೌಹಾರಿದ್ರು. ಎಲುಬು ಬಿಚ್ಚೇದ ಅನ್ನೋ ಗುರ್ತ ಅದು. ಒಂದೆರಡು ತಿಂಗಳದಾಗ ತಾನ ಕೂಡ್ಕೋತು. ತಿರುವೋದು ನಿಂತ್ರೂ ಕಂಬಿ ಆರು ತಿಂಗಳು ಬಾಯಾಗ ಇತ್ತು, ಇಲ್ಲಂದ್ರ ಹಿಂದಕ್ಕ ಸರೀತದ.

ಮದಲಿನ ಫೋಟೋ, ಈಗಿನ ಫೋಟೋ ಅತ್ತಿಯವರ ಮುಂದ ಇಟ್ಟೆ. ಕನ್ನಡಕ ಹಾಕ್ಕೊಂಡು ಭಾಳ ಹೊತ್ತು ನೋಡಿ, "ತುಟಿ ಹಂಗ ಅದ ಬಿಡ" ಅಂದ್ರು.

ಅಕ್ಕಾ, ನೀನೂ ಶುರು ಮಾಡೋಕಿಂತ ಮೊದಲು ಎದುರಿಂದ ಒಂದು, ಪಕ್ಕದಿಂದ ಒಂದು ಫೋಟೋ ತಗೊ. ಮತ್ತ ಆ ಕೀಲಿಗೆ ದಾರ ಕಟ್ಟು, ಕೈ ಜಾರಿ ಹುಡುಗ ನುಂಗ್ಯಾನು.