ಲಾಳಿ, ಚೆಂಡು ಮತ್ತು ಒಂದು ಖಣದ ಅಂಗಡಿ

ಟೆನಿಸ್ ನೋಡುವುದನ್ನು ಗುಳೇದಗುಡ್ಡದವರಿಗೆ ಯಾರೂ ಕಲಿಸಬೇಕಾಗಿಲ್ಲ. ಕುಣಿ ಮಗ್ಗದ ಎದುರು ಕೂತು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುವ ಲಾಳಿಯನ್ನು ನೋಡುತ್ತಲೇ ಬೆಳೆದ ಕುತ್ತಿಗೆ ನಮ್ಮದು. ಲೆಕ್ಕವೊಂದೇ ತಲೆಗೆ ಹತ್ತುವುದು ತಡ. ಹದಿನೈದು, ಮೂವತ್ತು ಆದ ಮೇಲೆ ನಲವತ್ತೈದು ಬಿಟ್ಟು ನಲವತ್ತೇಕೆ, ಸೊನ್ನೆಗೆ ‘ಲವ್’ ಎನ್ನುವುದೇಕೆ ಎಂದು ನಮ್ಮಾಕೆ ಕೇಳಿದಾಗಲೆಲ್ಲ ನಾನು ಚಹಾ ಕೇಳುತ್ತೇನೆ.

2024ರ ಜನವರಿ 27, ಶನಿವಾರ ಸಂಜೆ. ಮೆಲ್ಬರ್ನ್‌ನಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತು ಆಸ್ಟ್ರೇಲಿಯದವರೇ ಆದ ಮ್ಯಾಥ್ಯೂ ಎಬ್ಡೆನ್ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಫೈನಲ್ ಆಡುತ್ತಿದ್ದರು. ಅಷ್ಟರಲ್ಲಿ ಕುಬಸದ ಬಟ್ಟೆಯಾದ ಖಣದ ಅಂಗಡಿ ಇಟ್ಟಿರುವ ನನ್ನ ಸೋದರಳಿಯ ಮೊಬೈಲ್ ಹಿಡಿದುಕೊಂಡು ಬಂದ. ಮುಖ ಬಾಡಿತ್ತು.

“ಮಾವಾ, ನಮ್ಮ ಅಂಗಡಿ ಗೂಗಲ್‌ನ್ಯಾಗ ಮ್ಯಾಲ ಬರವಲ್ದ್ರೀ. ಒಬ್ಬಾಂವ ಹದಿನೈದು ಸಾವಿರ ಕೊಡ್ರಿ, ಮೊದಲನೇ ನಂಬರಿಗೆ ತರ್ತೀನಿ ಅನ್ನಾಕತ್ತಾನ.”

“ಕುಂದ್ರು. ಮೊದಲ ಈ ಮನಿಶ್ಯಾ ಡಬಲ್ಸ್‌ನ್ಯಾಗ ಜಗತ್ತಿನ ಮೊದಲನೇ ನಂಬರಿಗೆ ಹೆಂಗ ಬಂದ ಅನ್ನೂದು ನೋಡು.”

ಬೋಪಣ್ಣನಿಗೆ ಆಗ 43 ವರ್ಷ. ಮೊಣಕಾಲಿನ ಮೃದು ಎಲುಬು ಸವೆದು, ನೋವು ತಡೆಯಲಾರದೆ ಅಯ್ಯಂಗಾರ್ ಯೋಗದ ಮೊರೆ ಹೋದವನು. (ಆ ಅಯ್ಯಂಗಾರರೂ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ನಮ್ಮ ನೆಲದ ಮದ್ದು ಊರೆಲ್ಲ ಸುತ್ತಿ ನಮ್ಮವನಿಗೇ ಸಿಕ್ಕಿತೆನ್ನಿ.) 2010ರಲ್ಲೂ 2023ರಲ್ಲೂ ಅಮೆರಿಕನ್ ಓಪನ್ ಡಬಲ್ಸ್ ಫೈನಲ್‌ವರೆಗೆ ಹೋಗಿ ಬರಿಗೈಯಲ್ಲಿ ಮರಳಿದ್ದ. ಈ ಸಲ 7-6, 7-5ರಲ್ಲಿ ಗೆದ್ದ. ಹದಿನೈದು ಸಾವಿರಕ್ಕೆ ಸಿಗುವ ನಂಬರಲ್ಲ ಅದು.

ಅಳಿಯನಿಗೆ ಇದು ನಾಟಲಿಲ್ಲ. ನಾನೇ ಅವನ ಅಂಗಡಿಯನ್ನು ಮೊಬೈಲಿನಲ್ಲಿ ಹುಡುಕಿದೆ. ‘ಖಣ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಬಂದದ್ದು ಬಿರಿಯಾನಿ, ರೋಟಿ, ಪನೀರು! ಹಿಂದಿಯವರ ಖಾನಾ ಮತ್ತು ನಮ್ಮ ಖಣ ಆ ಅಕ್ಷರಗಳಲ್ಲಿ ಅವಳಿ ಜವಳಿ. ಮರಾಠಿಯವರು ಇದನ್ನೇ ‘ಖಣ್’ ಎನ್ನುತ್ತಾರೆ. ಅವರು ಅದನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿಯೇ ಬೇರೆ. ಊರಿನ ಹೆಸರಂತೂ ಕೇಳಲೇಬೇಡಿ. ನಡುವೆ ಒಂದು ‘ಎ’ ಬೇಕೋ ಬೇಡವೋ, ‘ಡಿ’ ಒಂದೋ ಎರಡೋ, ಒಬ್ಬೊಬ್ಬರದು ಒಂದೊಂದು ಪಂಚಾಯ್ತಿ. ಅಂಗಡಿಯ ಬೋರ್ಡು ಒಂದು ರೀತಿ, ಬಿಲ್ ಪುಸ್ತಕ ಇನ್ನೊಂದು ರೀತಿ, ಗೂಗಲ್‌ನಲ್ಲಿ ಮೂರನೆಯ ರೀತಿ. ನಕ್ಷೆಯ ಗುರುತು ಹಿಂದಿನ ಓಣಿಯಲ್ಲಿ, ಯಾರದೋ ದನದ ಕೊಟ್ಟಿಗೆಯ ಮೇಲೆ ಕೂತಿತ್ತು. ವಾರದ ರಜೆಯ ದಿನವೂ ಅಂಗಡಿ ತೆರೆದಿದೆ ಎಂದಿತ್ತು.

ಟೆನಿಸ್‌ನಲ್ಲಿ ಎದುರಾಳಿ ಹೇಗೆ ಹೊಡೆಯುತ್ತಾನೋ ದೇವರಿಗೇ ಗೊತ್ತು. ಸರ್ವ್ ಒಂದೇ ಪೂರ್ತಿ ನಮ್ಮ ಕೈಯಲ್ಲಿರುವುದು. ಚೆಂಡು ನಮ್ಮದೇ, ಹೊತ್ತೂ ನಮ್ಮದೇ. ಅದೂ ತಪ್ಪಿದರೆ ಇನ್ನೊಂದು ಅವಕಾಶ ಉಂಟು. ಎರಡನೆಯದನ್ನೂ ಬಲೆಗೆ ಹೊಡೆದರೆ ಅದನ್ನು ಡಬಲ್ ಫಾಲ್ಟ್ ಎನ್ನುತ್ತಾರೆ. ನಮ್ಮ ಹುಡುಗ ಹೆಸರು, ವೇಳೆ, ವಿಳಾಸ ಮೂರನ್ನೂ ಬಲೆಗೆ ಹೊಡೆದು ಕೂತಿದ್ದ. ಗೂಗಲ್‌ನವರ ಮೇಲೆ ಸಿಟ್ಟು ಬೇರೆ.

“ಒಬ್ಬಾಕಿ ಒಂದೇ ಸ್ಟಾರ್ ಕೊಟ್ಟಾಳ್ರೀ. ಫೋಟೋದಾಗಿನ ಬಣ್ಣ ಬ್ಯಾರೆ, ಬಂದ ಬಣ್ಣ ಬ್ಯಾರೆ ಅಂತಾಳ. ನಾನೂ ಬರೋಬ್ಬರಿ ಬೈದು ಬರದೀನಿ.”

ಫೋಟೋ ನೋಡಿದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು. ರೇಷ್ಮೆ ಹಾಸಿನ ಖಣವನ್ನು ಬೆಳಕಿಗೆ ಹಿಡಿದು ಆಚೀಚೆ ತಿರುಗಿಸಿದರೆ ಒಂದೇ ಬಟ್ಟೆ ಎರಡು ಬಣ್ಣ ತೋರುತ್ತದೆ. ತೇರು, ನಾಗಮುರಿಗೆ, ಕ್ಯಾದಿಗಿ ಎಂದು ಹೆಸರು ಹೊತ್ತ ಚಿತ್ತಾರಗಳು ಬಿಸಿಲಿಗೆ ಎದ್ದು ನಿಲ್ಲುತ್ತವೆ. ಟ್ಯೂಬ್‌ಲೈಟಿನಲ್ಲಿ ಅದಕ್ಕೂ ಪವರ್‌ಲೂಮಿನ ಪಾಲಿಯೆಸ್ಟರ್ ನಕಲಿಗೂ ವ್ಯತ್ಯಾಸವೇ ಕಾಣದು. ಭೌಗೋಳಿಕ ಸೂಚಕ ಪಡೆದ ಸರಕನ್ನು ನಕಲಿಯ ಹಾಗೆ ತೋರಿಸಿ, ಅಸಲಿನ ಬೆಲೆ ಕೇಳಿದರೆ ಆಕೆ ಒಂದು ಸ್ಟಾರ್ ಆದರೂ ಕೊಟ್ಟಳಲ್ಲ!

ಬೈಗುಳ ಅಳಿಸಿಸಿದೆ. ಸೋತ ಪಾಯಿಂಟಿನ ಹಿಂದೆ ಹೋದವನು ಮುಂದಿನದನ್ನೂ ಕಳೆದುಕೊಳ್ಳುತ್ತಾನೆ. ಅದೇ 2024ರಲ್ಲಿ, ಕೆಲವು ತಿಂಗಳ ಮೇಲೆ, ರೋಜರ್ ಫೆಡರರ್ ಅಮೆರಿಕದ ಡಾರ್ಟ್‌ಮೌತ್ ಕಾಲೇಜಿನ ಹುಡುಗರ ಮುಂದೆ ತನ್ನ ಲೆಕ್ಕ ಬಿಚ್ಚಿಟ್ಟ: 1,526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ ಶೇ. 80 ಗೆದ್ದಿದ್ದಾನೆ, ಆದರೆ ಪಾಯಿಂಟುಗಳಲ್ಲಿ ಗೆದ್ದದ್ದು ಶೇ. 54 ಮಾತ್ರ. ಅಂಥವನೇ ಸುಮಾರು ಅರ್ಧ ಸೋತಿದ್ದಾನೆ. ನಮ್ಮ ಹುಡುಗನಿಗೆ ಒಂದು ಸ್ಟಾರಿಗೇ ಊಟ ಸೇರದು. ಇದರ ಉಲ್ಟಾ ಕಥೆಯೂ ಇದೆ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಹು ಮೂರು ದಿನ, ಒಟ್ಟು 11 ಗಂಟೆ 5 ನಿಮಿಷ ಆಡಿದರು. ಹೆಚ್ಚು ಪಾಯಿಂಟು ಗಳಿಸಿದವನು ಮಹು, ಪಂದ್ಯ ಗೆದ್ದವನು ಇಸ್ನರ್. ಲೈಕು ಎಣಿಸುವವರು ಈ ಕಥೆಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು.

ನನಗೆ ಟೆನಿಸ್‌ನಲ್ಲಿ ಎಲ್ಲಕ್ಕಿಂತ ಹಿಡಿಸುವುದು ಆ 52 ವಾರಗಳ ಕಟ್ಟಳೆ. ಈ ವರ್ಷ ಗಳಿಸಿದ ಪಾಯಿಂಟು ಮುಂದಿನ ವರ್ಷ ಅದೇ ಹೊತ್ತಿಗೆ ಉದುರಿ ಹೋಗುತ್ತದೆ. ಮತ್ತೆ ಆಡಿಯೇ ಗಳಿಸಬೇಕು. ನಮ್ಮಜ್ಜ ಬಾಳ ಛಲೋ ನೇಯ್ತಿದ್ದ ಎಂದರೆ ಇವತ್ತಿನ ಮಗ್ಗದಲ್ಲಿ ಗಜ ಏರೀತೇ? ಅಳಿಯನ ಪುಟದಲ್ಲಿ ಕೊನೆಯ ಫೋಟೋ ಎರಡು ದೀಪಾವಳಿಗಳ ಹಿಂದಿನದು.

ಇನ್ನೊಂದು ಮಾತು. ಡಬಲ್ಸ್‌ನಲ್ಲಿ ಬಲೆಯ ಹತ್ತಿರ ನಿಂತವನು ಬೆನ್ನ ಹಿಂದೆ ಬೆರಳಾಡಿಸಿ ಜೊತೆಗಾರನಿಗೆ ಸನ್ನೆ ಮಾಡುತ್ತಾನೆ. ಸೀರೆ ಇಳಕಲ್ಲಿನದು, ಕುಬಸ ಗುಳೇದಗುಡ್ಡದ್ದು. ಇಂಥ ಹಳೆಯ ಡಬಲ್ಸ್ ಜೋಡಿ ಇನ್ನೆಲ್ಲಿದೆ? ಇಳಕಲ್ಲಿನ ಸೀರೆ ಅಂಗಡಿಯವರ ಫೋಟೋದಲ್ಲಿ ನಿನ್ನ ಖಣ, ನಿನ್ನದರಲ್ಲಿ ಅವರ ಸೆರಗು ಇರಲಿ ಎಂದೆ. “ಅವ್ರು ನಮ್ಮ ಗಿರಾಕಿ ಎಳಕೊಂಡ್ರ?” ಎಂದ. ಅವನ ಅಪ್ಪನೂ ಹೀಗೇ.

ಆದರೂ ಹೋದವನು ಮರುದಿನವೇ ಹೆಸರು ಒಂದೇ ರೀತಿ ಬರೆಸಿದ. ಗುರುತನ್ನು ಕೊಟ್ಟಿಗೆಯಿಂದ ಅಂಗಡಿಗೆ ತಂದ. ಅಂಗಳದ ಬಿಸಿಲಲ್ಲಿ, ಮಗ್ಗದವನ ಕೈ ಕಾಣುವಂತೆ ಫೋಟೋ ತೆಗೆದ. ನಾಲ್ಕನೆಯ ದಿನ ಓಡಿ ಬಂದ. ದೂರದ ಯಾವುದೋ ಊರಿನಿಂದ ಹಿಂದಿಯಲ್ಲಿ ಮೆಸೇಜು: ಖಾನಾ ಪಾರ್ಸೆಲ್ ಸಿಗುತ್ತದೆಯೇ?

“ಏನ್ ಬರೀಲ್ರೀ ಮಾವಾ?”

“ಚೆಂಡು ಬಂದೈತಿ, ತಿರುಗಿಸಿ ಹಾಕು.”

ಉಣ್ಣೂದಲ್ರೀ, ತೊಡೂದು ಎಂಬ ಅರ್ಥ ಬರುವಂತೆ ಹರಕುಮುರುಕು ಹಿಂದಿಯಲ್ಲಿ ಬರೆದು, ಜೊತೆಗೊಂದು ಬಿಸಿಲಿನ ಫೋಟೋ ಕಳಿಸಿದ. ಅರ್ಧ ಗಂಟೆ ಆ ಕಡೆಯಿಂದ ಸದ್ದಿಲ್ಲ. ಆಮೇಲೆ ಟಿಣ್ ಎಂದಿತು. ಇದರಲ್ಲೇ ಕೆಂಪು ಇದೆಯೇ, ಹೆಂಡತಿ ಕೇಳುತ್ತಿದ್ದಾಳೆ.