ಒಂದಂಗುಲದ ಸಿಪಾಯಿಯ ಬಾಯಾರಿಕೆ

"ಏನ್ಲಾ ಮಗ ಅದು, ಸೊಳ್ಳೆ ಮೈಗೆ ಬಣ್ಣ ಬಳ್ಯೋನಂಗೆ ಕೂತಿದ್ದೀಯಲ್ಲ?" ಅಂದಳು ಅವ್ವ.

ಕೇರಿಯ ಮನೆಯ ಬಾಗಿಲ ಬೆಳಕಿಗೆ ಕೂತು, ಸೊನ್ನೆ ನಂಬರಿನ ಕುಂಚ ಹಿಡಿದು, 28 ಮಿಲಿಮೀಟರ್ ಎತ್ತರದ ಒಬ್ಬ ಸಿಪಾಯಿಯ ಕೆಂಪು ಕೋಟಿನ ಮೇಲೆ ಬಿಳಿ ಪಟ್ಟಿ ಎಳೆಯುತ್ತಿದ್ದೆ. ಉಸಿರು ಬಿಟ್ಟರೆ ಕೈ ಅಲುಗುತ್ತದೆ. ಕೈ ಅಲುಗಿದರೆ ಪಟ್ಟಿ ಕೋಟಿನಾಚೆ ಹರಿಯುತ್ತದೆ. ಹಾಗಾಗಿ ತಕ್ಷಣ ಉತ್ತರ ಕೊಡಲಾಗಲಿಲ್ಲ.

"ಇದ್ರಿಂದ ಏನ್ ಸಿಕ್ಕದು?"

"ಏನೂ ಸಿಕ್ಕಲ್ಲ ಕಣವ್ವ. ಆಟ."

"ಆಟವಾ?"

ಇಪ್ಪತ್ತಾರು ವರ್ಷದ ಮಗ, ನಮ್ಮ ವಂಶದಲ್ಲಿ ಮೊದಲು ಬಿ.ಎ. ಪಾಸಾದವನು, ಆಟ ಆಡುತ್ತ ಕೂತಿದ್ದಾನೆ. ಅವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಒಂದು ದಿಗಿಲಿತ್ತು.

ಹವ್ಯಾಸ ಅನ್ನೋ ಮಾತು ನಮ್ಮ ಕೇರಿಯಲ್ಲಿಲ್ಲ. ಕೆಲಸ ಉಂಟು, ನಿದ್ದೆ ಉಂಟು, ಹಬ್ಬ ಸಾವುಗಳಲ್ಲಿ ತಮಟೆ ಉಂಟು. ನಮ್ಮಪ್ಪ ಬಣ್ಣ ಮುಟ್ಟುತ್ತಿದ್ದದ್ದು ವರ್ಷಕ್ಕೊಂದು ಸಲ, ಸಂಕ್ರಾಂತಿಯಲ್ಲಿ, ಗೌಡರ ಎತ್ತಿನ ಕೊಂಬಿಗೆ. ಒಂದು ವರ್ಷ ಮಿಕ್ಕ ಬಣ್ಣವನ್ನು ತೆಂಗಿನ ಚಿಪ್ಪಿನಲ್ಲಿ ತಂದು ನಮ್ಮ ಬಾಗಿಲಿಗೊಂದು ಗೆರೆ ಎಳೆದಿದ್ದ. ನಮ್ಮ ಮನೆಯಲ್ಲಿ ನಾನು ಕಂಡ ಮೊದಲ ಚಿತ್ರ ಅದು.

ಈ ಆಟ ನನಗೆ ಅಂಟಿದ್ದೂ ಕೂಲಿಯ ದಾರಿಯಲ್ಲೇ. ಹಾಸ್ಟೆಲ್ ಬಿಟ್ಟ ಮೇಲೆ ಹೊಟ್ಟೆಪಾಡಿಗೆ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹುಡುಗನೊಬ್ಬನಿಗೆ ಕನ್ನಡ ಹೇಳಿಕೊಡಲು ಹೋಗುತ್ತಿದ್ದೆ. ಅವರಪ್ಪನ ಕೋಣೆಯಲ್ಲೊಂದು ದೊಡ್ಡ ಮೇಜು. ಅದರ ಮೇಲೆ ಹಸಿರು ಬಟ್ಟೆ, ಥರ್ಮೋಕೋಲಿನ ಗುಡ್ಡ, ಅಂಟು ಬಳಿದು ಮರಳು ಉದುರಿಸಿದ ದಾರಿ. ಗುಡ್ಡದ ಎರಡು ಕಡೆ ಸಾಲು ಸಾಲು ಸಿಪಾಯಿಗಳು. ಇಂಚುಪಟ್ಟಿಯಲ್ಲಿ ಅಳೆದು ದಳ ನಡೆಸಬೇಕು. ಕಾಲಾಳಿಗೆ 6 ಇಂಚು, ಕುದುರೆಗೆ 12. ಹೊಡೆದ ಗುಂಡು ತಾಗಿತೋ ಇಲ್ಲವೋ ದಾಳ ಹೇಳುತ್ತದೆ. ಅರ್ಧದಷ್ಟು ಜನ ಸತ್ತ ದಳ ನಿಲ್ಲುತ್ತದೋ ಓಡುತ್ತದೋ, ಅದಕ್ಕೂ ದಾಳ.

ನನ್ನ ಕೈಬರಹ ನೋಡಿ ಯಜಮಾನರು, "ಇವಕ್ಕೆ ಬಣ್ಣ ಹಾಕಿಕೊಡ್ತೀರಾ?" ಅಂದರು. ಗೊಂಬೆಗಿಷ್ಟು ಅಂತ ಕೂಲಿ. ಒಪ್ಪಿದೆ.

ಕೆಲಸ ಕಲಿತೆ. ಅಚ್ಚಿನಿಂದ ಬಂದ ಗೊಂಬೆಯ ಮೈಮೇಲೆ ಕೂದಲೆಳೆಯಂಥ ಏಣು ಇರುತ್ತದೆ, ಅದನ್ನು ಬ್ಲೇಡಿನಿಂದ ಹೆರೆಯಬೇಕು. ಆಮೇಲೆ ಪ್ರೈಮರ್. ಬಣ್ಣವನ್ನು ಬಾಟಲಿಯಿಂದ ಹಾಗೇ ಬಳಿದರೆ ಕಣ್ಣು ಮೂಗು ಮುಚ್ಚಿಹೋಗುತ್ತವೆ. ನೀರು ಬೆರೆಸಿ ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ಒಣಗಿದ ಮೇಲೆ ನೀರಾದ ಕಡುಬಣ್ಣ ಬಿಟ್ಟರೆ ಅದು ಬಟ್ಟೆಯ ಮಡಿಕೆಗೆ, ಬೆರಳ ಸಂದಿಗೆ ತಾನೇ ಇಳಿದು ನೆರಳಾಗುತ್ತದೆ. ಕೊನೆಗೆ ಮೂಗಿಗೆ, ಕೆನ್ನೆಗೆ, ಬೆರಳ ಗೆಣ್ಣಿಗೆ ಒಂದೊಂದು ಚುಕ್ಕೆ ತಿಳಿಬಣ್ಣ. ಪ್ಲಾಸ್ಟಿಕ್ಕಿಗೆ ಮುಖ ಬರುತ್ತದೆ.

ಇಪ್ಪತ್ತನೇ ಗೊಂಬೆಯ ಹೊತ್ತಿಗೆ ಕೂಲಿ ಮರೆತುಹೋಗಿತ್ತು. ಯಾರೂ ಹೇಳದೆ, ಯಾರಿಗೂ ಅಲ್ಲದೆ, ಬರೀ ಚೆಂದಕ್ಕೆ ಕೂತಿದ್ದೆ. ನಮ್ಮ ವಂಶದಲ್ಲಿ ಹಾಗೆ ಕೂರುವ ಬಿಡುವು ಯಾರಿಗೆ ಸಿಕ್ಕಿತ್ತು? ಕೂಡಿಟ್ಟ ದುಡ್ಡಿನಲ್ಲಿ ನನ್ನದೇ ಅಂತ ಒಂದೆರಡು ಡಬ್ಬಿ ಕೊಂಡೆ.

ಸಂಘದ ಗೆಳೆಯನಿಗೆ ಹೇಳಿದರೆ ಉರಿದುಬಿದ್ದ. "ಒಂದು ಡಬ್ಬಿ ಗೊಂಬೆ ಅಂದ್ರೆ ನಿಮ್ಮವ್ವನ ಒಂದು ವಾರದ ಕೂಲಿ. ಅದೂ ಯುದ್ಧದ ಆಟ! ಸಾಮ್ರಾಜ್ಯಶಾಹಿಗಳ ಚಟ ನಿನಗ್ಯಾಕಯ್ಯಾ?"

ಅವನ ಮಾತಿನಲ್ಲಿ ನಿಜವಿದೆ. ಈ ಆಟದ ಬೇರಿರುವುದು ಪ್ರಷ್ಯಾದ ಸೈನ್ಯದಲ್ಲಿ. ಅಪ್ಪ ಶುರುಮಾಡಿದ್ದ ಆಟವನ್ನು ತಿದ್ದಿ, ನಕ್ಷೆ, ಬಿಲ್ಲೆ, ದಾಳಗಳಿಂದ ಅಧಿಕಾರಿಗಳಿಗೆ ಯುದ್ಧ ಕಲಿಸುವ ಪಾಠ ಮಾಡಿದವನು ರೈಸ್‌ವಿಟ್ಸ್ ಎಂಬ ಯುವಕ, 1824ರಲ್ಲಿ. ಇಂಥ ಆಟವನ್ನು ಮನೆಯ ನೆಲಕ್ಕೆ ತಂದು ಜನಪ್ರಿಯ ಮಾಡಿದವನು ಕಾದಂಬರಿಕಾರ ಎಚ್.ಜಿ. ವೆಲ್ಸ್. 1913ರಲ್ಲಿ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದು, ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಆಟಿಕೆ ಸಿಪಾಯಿಗಳನ್ನು ಕೆಡಹುವ ನಿಯಮ ಹೇಳಿಕೊಟ್ಟ. ಈ ಸಣ್ಣ ಯುದ್ಧ ಆಡಿದವನಿಗೆ ನಿಜವಾದ ಮಹಾಯುದ್ಧ ಎಂಥ ಮೂರ್ಖತನವೆಂದು ತಿಳಿಯುತ್ತದೆ ಅಂತ ಅದೇ ಪುಸ್ತಕದಲ್ಲಿ ವಾದಿಸಿದ. ಮರುವರ್ಷವೇ ಮಹಾಯುದ್ಧ ಬಂತು. 1983ರಲ್ಲಿ ಬ್ರಿಟನ್ನಿನಲ್ಲಿ 'ವಾರ್‌ಹ್ಯಾಮರ್' ಬಂತು, ಇವತ್ತು ಅದೊಂದು ದೊಡ್ಡ ವ್ಯಾಪಾರ. ಇದೆಲ್ಲ ಉಳ್ಳವರ ಆಟ ಹೌದು. ಆದರೆ ಗೆಳೆಯನನ್ನು ನಾನು ಕೇಳಿದೆ: "ಉಳ್ಳವರದು ಅಂತ ಬಿಡ್ತಾ ಹೋದರೆ ಅಕ್ಷರವನ್ನೂ ಬಿಡಬೇಕಲ್ಲಪ್ಪ?"

ಆ ಮನೆಯ ಬಣ್ಣದ ಪೆಟ್ಟಿಗೆಯಲ್ಲಿ ಒಂದು ಹಳೇ ಬಾಟಲಿ. ಅದರ ಮೇಲೆ 'ಫ್ಲೆಶ್' ಎಂದಿತ್ತು. ಅಂದರೆ ಮೈಬಣ್ಣ. ಮುಚ್ಚಳ ತೆಗೆದರೆ ಎಳೇ ಗುಲಾಬಿ. ಯಾರ ಮೈ ಇದು? ಅಮೆರಿಕದ ಕ್ರಯೋಲಾ ಕಂಪನಿ ತನ್ನ ಬಣ್ಣದ ಕಡ್ಡಿಗಿದ್ದ ಇದೇ ಹೆಸರನ್ನು 1962ರಲ್ಲಿ 'ಪೀಚ್' ಎಂದು ಬದಲಿಸಿತಂತೆ. ಈಗ ಹಲವು ಮೈಬಣ್ಣಗಳ ಬಾಟಲಿಗಳೂ ಸಿಗುತ್ತವೆ. ಆದರೆ ನನ್ನ ಮುಂದಿದ್ದದ್ದು ಆ ಒಂದೇ. ನಾನೇ ಬೆರೆಸಿಕೊಂಡೆ. ಕಡುಕಂದು, ಒಂದಿಷ್ಟು ಕಾವಿ, ಸಾಸಿವೆಯಷ್ಟು ಹಳದಿ. ನೆರಳಿಗೆ ತುಸು ನೀಲಿ. ಕಬ್ಬಿನ ಗದ್ದೆಯಲ್ಲಿ ಬಗ್ಗಿದ ಅಪ್ಪನ ಬೆನ್ನನ್ನು ನೆನೆಸಿಕೊಂಡು ಬೆರೆಸಿದೆ. ಕಪ್ಪು ಅನ್ನೋದು ಬರೀ ಕಪ್ಪಲ್ಲ ಎಂದು ಕುಂಚ ನನಗೆ ಹೇಳಿಕೊಟ್ಟಿತು.

ಆ ಮನೆಯಲ್ಲಿ ತಿಂಗಳಿಗೊಂದು ಭಾನುವಾರ ನಾಲ್ಕೈದು ಜನ ಸೇರಿ ಆಡುತ್ತಿದ್ದರು. ನನಗೂ ಒಂದು ಜಾಗ ಸಿಕ್ಕಿತು. ಒಂದು ದಿನ ಆ ಮನೆಯ ಅಜ್ಜಿ, "ನೀವು ಯಾವ ಕಡೆಯೋರಪ್ಪ? ಯಾವ ಪೈಕಿ?" ಅಂತ ಕೇಳಿದರು. ಹೇಳಿದೆ. ಮುಚ್ಚಿಡುವುದೇನಿದೆ? ಮುಂದಿನ ಸಲದಿಂದ ಎಲ್ಲರಿಗೂ ಗಾಜಿನ ಲೋಟ, ನನಗೆ ಪೇಪರ್ ಕಪ್.

ಕಂಡೂ ಕಾಣದವನಂತೆ ಕುಡಿದೆ. ಗೆಳೆಯರೇ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ವೇದಿಕೆಯ ಮೇಲೆ ಬೆಂಕಿ ಕವಿತೆ ಓದುವವನು ಮೂರು ತಿಂಗಳು ಆ ಕಾಗದದ ಲೋಟದಲ್ಲಿ ಕುಡಿದೆ. ಕೂಲಿ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಆ ಮೇಜು ಬೇಕಿತ್ತು.

ವಾಟರ್‌ಲೂ ಆಯಿತು. ಶ್ರೀರಂಗಪಟ್ಟಣ ಆಯಿತು. "ಮುಂದೆ ಯಾವುದು?" ಅಂದರು. "ಕೋರೆಗಾಂವ್" ಅಂದೆ.

"ಅದರಲ್ಲಿ ರಾಜಕೀಯ ಇದೆ" ಅಂದರು ಒಬ್ಬರು. ಶ್ರೀರಂಗಪಟ್ಟಣದಲ್ಲಿ ಇರಲಿಲ್ಲವೇನೋ!

1817ರ ಡಿಸೆಂಬರ್ 31ರ ರಾತ್ರಿ ಕ್ಯಾಪ್ಟನ್ ಸ್ಟಾಂಟನ್ ಕೈಕೆಳಗಿನ ಕಂಪನಿ ಪಡೆ ಶಿರೂರಿನಿಂದ ಹೊರಟಿತು. ಕಾಲಾಳು ಸುಮಾರು 500, ಕುದುರೆಯವರು ಒಂದಿಷ್ಟು, ಎರಡು ಫಿರಂಗಿ. ರಾತ್ರಿಯಿಡೀ 25 ಮೈಲಿಗೂ ಹೆಚ್ಚು ನಡೆದು ಬೆಳಿಗ್ಗೆ ಭೀಮಾ ನದಿಯ ದಡದ ಕೋರೆಗಾಂವ್ ಮುಟ್ಟಿದರೆ, ಎದುರಿಗೆ ಪೇಶ್ವೆ ಎರಡನೇ ಬಾಜೀರಾಯನ ಇಪ್ಪತ್ತು ಸಾವಿರಕ್ಕೂ ಮಿಕ್ಕ ಸೈನ್ಯ. ಅದರಲ್ಲೊಂದು ಭಾಗ ಊರೊಳಗೆ ನುಗ್ಗಿತು. ಕತ್ತಲಾಗುವವರೆಗೆ ಬೀದಿ ಬೀದಿಯಲ್ಲಿ ಕಾದಾಟ. ಕಂಪನಿಯ 834 ಮಂದಿಯಲ್ಲಿ 275 ಮಂದಿ ಸತ್ತರು, ಗಾಯಗೊಂಡರು, ಇಲ್ಲವೆ ಕಾಣೆಯಾದರು. ಅಲ್ಲಿಯ ಕಂಬದ ಮೇಲೆ ಕೆತ್ತಿದ ಸತ್ತವರ ಹೆಸರುಗಳಲ್ಲಿ 22 ಹೆಸರುಗಳ ಕೊನೆಗೆ 'ನಾಕ್' ಎಂದಿದೆ. ಅವರು ಮಹಾರರು.

ಎಲ್ಲರೂ ಮಹಾರರಲ್ಲ. ಮರಾಠರಿದ್ದರು, ಮುಸಲ್ಮಾನರಿದ್ದರು. ಕಂಪನಿ ನಮ್ಮ ಬಿಡುಗಡೆಗೇನೂ ಬಂದಿರಲಿಲ್ಲ. ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಇದೆಲ್ಲ ಗೊತ್ತಿದೆ. ಆದರೆ ಪೇಶ್ವೆಯರ ಪುಣೆಯಲ್ಲಿ ಅಸ್ಪೃಶ್ಯ ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ ಕಟ್ಟಿಕೊಂಡು ನಡೆಯಬೇಕಿತ್ತು ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಆ ಪೇಶ್ವೆಯ ಎದುರು ಬಂದೂಕು ಹಿಡಿದು ನಿಂತವರ ಹೆಸರು ಕಲ್ಲಿನ ಮೇಲಿದೆ. 1927ರ ಜನವರಿ 1ರಂದು ಬಾಬಾಸಾಹೇಬರು ಅಲ್ಲಿಗೆ ಹೋದರು. 1941ರಲ್ಲಿ ನಮ್ಮ ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟ್ ಕಟ್ಟಿದಾಗ ಅದರ ಟೋಪಿಯ ಬಿಲ್ಲೆಯ ಮೇಲೆ ಇದೇ ಕಂಬವಿತ್ತು. 2018ರ ಜನವರಿ 1ರಂದು, ಇನ್ನೂರನೇ ವರ್ಷಕ್ಕೆ ಸೇರಿದ ಜನರ ಮೇಲೆ ಕಲ್ಲು ತೂರಿದರು. ಆಟವಂತೆ, ರಾಜಕೀಯ ಬೇಡವಂತೆ.

20 ಜನಕ್ಕೆ ಒಂದು ಗೊಂಬೆಯ ಲೆಕ್ಕದಲ್ಲಿ 25 ಕಾಲಾಳು ಸಿದ್ಧಮಾಡಿದೆ. ಎಲ್ಲವೂ ನನ್ನ ದುಡ್ಡಿನವು, ನಾನು ಬೆರೆಸಿದ ಮೈಬಣ್ಣದವು. ಬಣ್ಣ ಬಳಿಯುತ್ತ ಆ ದಿನದ ಬಗ್ಗೆ ಓದುತ್ತಿದ್ದಾಗ ಒಂದು ಸಂಗತಿ ಗಂಟಲಲ್ಲಿ ಸಿಕ್ಕಿಕೊಂಡಿತು. ರಾತ್ರಿಯೆಲ್ಲ ನಡೆದವರಿಗೆ ಹಗಲೆಲ್ಲ ನೀರಿಲ್ಲ. ಪಕ್ಕದಲ್ಲೇ ಭೀಮಾ ನದಿ. ನೀರಿಗೆ ಇಳಿಯುವಂತಿಲ್ಲ. ಬಾಯಾರಿ ಕಂಗೆಟ್ಟ ಕೆಲವು ಗೋಲಂದಾಜರು ಶರಣಾಗೋಣ ಅಂದರಂತೆ. ನೀರು ಸಿಕ್ಕಿದ್ದು ಕತ್ತಲಾದ ಮೇಲೆ.

ನಿಯಮದ ಪುಸ್ತಕ ತೆರೆದು ನೋಡಿದೆ. ಗುಂಡಿಗೆ ನಿಯಮವಿತ್ತು, ಗೋಡೆಗಿತ್ತು, ಕೆಸರಿಗಿತ್ತು, ಸೇನಾಪತಿ ಸತ್ತರೆ ಏನೆಂದಿತ್ತು. ಬಾಯಾರಿಕೆಗೆ ನಿಯಮವಿರಲಿಲ್ಲ. ಬರೆದವನಿಗೆ ನೀರು ಕೇಳಿ ಅಭ್ಯಾಸವಿರಲಿಲ್ಲವೋ ಏನೋ. ಕೋರೆಗಾಂವಿಗೆ ಹೋಗಿ ಮೂರು ತಿಂಗಳೂ ಆಗಿರಲಿಲ್ಲ, ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಎರಡೂ ಒಂದೇ ವರ್ಷ. ಒಂದು ಕಡೆ ಬಂದೂಕು, ಒಂದು ಕಡೆ ಬೊಗಸೆ. ಬಾಯಾರಿಕೆ ಮಾತ್ರ ಎರಡು ಕಡೆಗೂ ಇತ್ತು.

ನಾನೇ ಒಂದು ನಿಯಮ ಬರೆದೆ. ಮೂರು ಸರದಿಗೊಮ್ಮೆ, ನೀರು ಮುಟ್ಟದ ಪ್ರತಿ ದಳ ದಾಳ ಎಸೆಯಬೇಕು. ಒಂದು ಇಲ್ಲವೆ ಎರಡು ಬಿದ್ದರೆ ಒಂದು ಗೊಂಬೆ ತೆಗೆಯಬೇಕು. ಮಿಕ್ಕ ಒಂದು ಗೊಂಬೆಯ ಬೆನ್ನಿಗೆ ಎಂ-ಸೀಲ್ ಮೆತ್ತಿ ತೊಗಲಿನ ನೀರುಚೀಲ ಮಾಡಿ, ಒಬ್ಬ ನೀರಿನವನನ್ನೂ ನಿಲ್ಲಿಸಿದೆ. ಅವನು ಮುಟ್ಟಿದ ದಳಕ್ಕೆ ದಾಳ ಬೇಡ.

"ಇದು ಪುಸ್ತಕದಲ್ಲಿಲ್ಲವಲ್ಲ!" ಅಂದರು.

"ಸೇರಿಸೋಣ" ಅಂದೆ.

ಆಡಿದೆವು. ಆರನೇ ಸರದಿಯ ಹೊತ್ತಿಗೆ ನನ್ನ ಸಿಪಾಯಿಗಳಲ್ಲಿ ಗುಂಡಿಗೆ ಬಿದ್ದವರು ನಾಲ್ಕು, ಬಾಯಾರಿಕೆಗೆ ಬಿದ್ದವರು ಐದು. ಗೋಡೆಯ ಮರೆಯಲ್ಲಿದ್ದ ಎಂಟು ಜನರನ್ನು ನೀಲಿ ಬಟ್ಟೆಯ ನದಿಗೆ ಓಡಿಸಿದೆ. ಆರು ಸತ್ತರು. ಇಬ್ಬರು ನೀರಿನವನ ಜೊತೆ ವಾಪಸು ಬಂದರು. ಮೇಜಿನ ಸುತ್ತ ಎಲ್ಲರೂ ಉಸಿರು ಹಿಡಿದಿದ್ದರು. ಅಷ್ಟರಲ್ಲಿ ಟೀ ಬಂತು.

ಹುಡುಗ ತಟ್ಟೆಯನ್ನೂ ನನ್ನನ್ನೂ ನೋಡಿ ಕೇಳಿದ: "ಸಾರ್, ನಿಮಗ್ಯಾಕೆ ಯಾವಾಗ್ಲೂ ಪೇಪರ್ ಕಪ್ಪು?"

ಯಾರೂ ಮಾತಾಡಲಿಲ್ಲ. ದಾಳ ಯಾರ ಕೈಯಲ್ಲಿತ್ತೋ ಅಲ್ಲೇ ಉಳಿಯಿತು. ಯಜಮಾನರು ಇಂಚುಪಟ್ಟಿಯನ್ನು ಸುತ್ತುತ್ತ, ಬಿಚ್ಚುತ್ತ ಕೂತರು. ಒಳ್ಳೆಯ ಮನುಷ್ಯ. ನನ್ನ ನಿಯಮಕ್ಕೆ ಮೊದಲು ಒಪ್ಪಿದವರೂ ಅವರೇ. ತಮ್ಮ ಮನೆಯ ಲೋಟ ಮಾತ್ರ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಅಥವಾ ಬಿದ್ದಿತ್ತು.

"ನಂಗೆ ಟೀ ಬೇಡ" ಅಂದೆ. ದನಿ ನಡುಗಿತು. "ನೀರು ಬೇಕು. ಗಾಜಿನ ಲೋಟದಲ್ಲಿ."

ಹುಡುಗ ಓಡಿಹೋಗಿ ತಂದುಕೊಟ್ಟ. ಪೂರ್ತಿ ಕುಡಿದು ಲೋಟವನ್ನು ಮೇಜಿನ ಮೇಲೆ, ಕೋರೆಗಾಂವಿನ ಪಕ್ಕದಲ್ಲಿಟ್ಟೆ. ಆಟ ಮುಗಿಸಿಯೇ ಎದ್ದೆ. ಸೋತೆ. ಇತಿಹಾಸದಲ್ಲಿ ನಿಂತವರು ನನ್ನ ಕೈಯಲ್ಲಿ ದಾಳ ಕೆಟ್ಟು ಓಡಿದರು. ನನ್ನ ಗೊಂಬೆಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡು ಬಂದೆ. ಮತ್ತೆ ಆ ಮನೆಗೆ ಹೋಗಿಲ್ಲ.

ಈಗ ಊರಿಗೆ ಬಂದಾಗಲೆಲ್ಲ ಆ ಡಬ್ಬಿ ಜೊತೆಗಿರುತ್ತದೆ. ಅವತ್ತು ಅವ್ವ ಒಬ್ಬ ಸಿಪಾಯಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. "ಮೈ ನಮ್ದೇಯ. ನಿಮ್ಮಪ್ಪನಂಗವ್ನೆ" ಅಂದಳು. ಆಮೇಲೆ ನೀರಿನವನನ್ನು ಎತ್ತಿಕೊಂಡಳು. ಅವನ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಎಲ್ಲಾರ್ಗೂ ಇವ್ನು ಕೊಡ್ತಾನೆ ಸರಿ. ಇವ್ನಿಗ್ಯಾರ್ಲಾ ಕೊಡೋರು?"

ನನ್ನ ನಿಯಮದಲ್ಲಿ ಅದಿರಲಿಲ್ಲ.

ಸಂಜೆ ಕೇರಿಯ ಮಕ್ಕಳು ಅಂಬೇಡ್ಕರ್ ಭವನದ ಜಗಲಿಯ ಮೇಲೆ ಆಟ ಹೂಡಿದರು. ಇಟ್ಟಿಗೆ ಚೂರಿನ ಊರು, ಅವ್ವನ ಹಳೇ ನೀಲಿ ಸೀರೆಯ ನದಿ. ಗೆಲ್ಲುವ ಕಡೆಯ ಹುಡುಗ, ನದಿಗಿಳಿದ ಸಿಪಾಯಿಗಳ ಮೇಲೆ ದಾಳ ಎಸೆಯಲು ಕೈಯೆತ್ತಿದ. ಏಳು ವರ್ಷದ ಒಂದು ಹುಡುಗಿ ಅವನ ಕೈ ಹಿಡಿದುಕೊಂಡಳು.

"ನೀರ್ ಕುಡ್ಯೋವಾಗ ಹೊಡೀಬಾರ್ದು ಕಣೋ!"

ಎಲ್ಲರೂ ಹೌದು ಹೌದು ಅಂದರು. ಎದುರು ಕಡೆಯವರೂ ಅಂದರು. ನಾನು ನಿಯಮದ ಹಾಳೆ ತೆಗೆದು, ಮೇಲಿದ್ದದ್ದನ್ನು ಹೊಡೆದುಹಾಕಿ, ಅವಳ ಮಾತನ್ನು ಮೊದಲನೇ ನಿಯಮವಾಗಿ ಬರೆದೆ. ಅದರ ಕೆಳಗೆ ಅವ್ವನದು: ನೀರಿನವನಿಗೆ ಮೊದಲು ನೀರು.