ಎರೆಯ ಹದ, ಶಾಕಿನ ಎಣ್ಣೆ

ರಿಮೋಟ್ ಬಗ್ಗಿ ತಿರುವಿನಲ್ಲಿ ಮಗುಚಿ ಬಿದ್ದರೆ ಸುತ್ತ ನಿಂತವರ ಬಾಯಿಂದ ಮೊದಲು ಬರುವ ಸಲಹೆ ಒಂದೇ: ಸ್ಪ್ರಿಂಗ್ ಬಿಗಿ ಮಾಡಿ. ಹಿಂದಿನ ಚಕ್ರ ಜಾರಿದರೂ ಅದೇ ಮಾತು, ಜಿಗಿದು ಇಳಿಯುವಾಗ ಹೊಟ್ಟೆ ನೆಲಕ್ಕೆ ಬಡಿದರೂ ಅದೇ ಮಾತು. ಗಾಡಿ ಗಟ್ಟಿಯಾದಷ್ಟೂ ಮಾತು ಕೇಳುತ್ತದೆ ಎಂಬ ನಂಬಿಕೆ ಈ ಹವ್ಯಾಸದವರಲ್ಲಿ ಆಳವಾಗಿ ಬೇರೂರಿದೆ. ನುಣ್ಣನೆಯ ಹಾಸಿನ ಮೇಲೆ, ರಬ್ಬರು ಅಂಟಿ ಕಪ್ಪಾದ ಗಟ್ಟಿ ಟ್ರ್ಯಾಕಿನ ಮೇಲೆ ಅದು ಸ್ವಲ್ಪಮಟ್ಟಿಗೆ ನಿಜವೂ ಹೌದು. ಆದರೆ ಸಿರುಗುಪ್ಪ ತಾಲ್ಲೂಕಿನ ದೇಶನೂರಿನಂಥ ಊರಲ್ಲಿ, ಗದ್ದೆ ಕೊಯ್ದ ಎರೆನೆಲದ ಮೇಲೆ ಅದು ಶುದ್ಧ ತಪ್ಪು. ಇಲ್ಲಿ ಬಗ್ಗಿಯ ನಡೆ ಸುಧಾರಿಸಬೇಕಾದರೆ ಕೈ ಮೊದಲು ಹೋಗಬೇಕಾದದ್ದು ಏಟು ನುಂಗುವ ಶಾಕಿನೊಳಗಿನ ಎಣ್ಣೆಗೆ, ಆ ಎಣ್ಣೆ ಹರಿಯುವ ಪಿಸ್ಟನ್ನಿನ ತೂತಿಗೆ. ಅದಕ್ಕೂ ಮೊದಲು ಕಣ್ಣು ಹೋಗಬೇಕಾದದ್ದು ಮಣ್ಣಿನ ಹದದ ಕಡೆಗೆ.

ಮಣ್ಣಿನಿಂದಲೇ ಶುರುಮಾಡಬೇಕು, ಯಾಕೆಂದರೆ ಎರೆ ಎಂಬುದು ಒಂದು ನೆಲವಲ್ಲ, ವರ್ಷಕ್ಕೆ ನಾಲ್ಕು ಬಗೆಯ ನೆಲ. ಅದರ ಜೇಡಿಯಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಳೆಯಲ್ಲಿ ಅದು ಟೈರಿಗೆ ಮೆತ್ತಿಕೊಂಡು ಚಕ್ರದ ತೂಕ ಹೆಚ್ಚಿಸುತ್ತದೆ. ಮಳೆ ಬಿಟ್ಟು ಕೆಲವು ದಿನಕ್ಕೆ ಅದೇ ನೆಲ ಟೈರನ್ನು ಹಿಡಿದಿಟ್ಟುಕೊಳ್ಳುವಷ್ಟು ಬಿಗಿಯಾಗಿ, ನುಣುಪಾಗಿ ಕೂರುತ್ತದೆ. ಆಮೇಲೆ ಹೆಂಟೆ ಏಳುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಬಗ್ಗಿಯ ಮುಂದಿನ ಚಕ್ರ ಸಲೀಸಾಗಿ ಇಳಿಯುವಷ್ಟು ಅಗಲದ ಬಿರುಕು. ಕುರುಗೋಡಿನ ಕಲ್ಲುಗುಡ್ಡದ ಬುಡದಲ್ಲೋ ಬಳ್ಳಾರಿ ಗುಡ್ಡದ ಸುತ್ತಲೋ ಗಾಡಿ ಇಳಿಸಿದರೆ ಲೆಕ್ಕವೇ ಬೇರೆ. ಗ್ರಾನೈಟ್ ಸವೆದು ಆದ ಮಸಾರಿ ಅದು. ತಳ ಗಟ್ಟಿ, ಮೇಲೆ ಉರುಳುವ ಸಣ್ಣ ಹರಳು. ಅಲ್ಲಿ ಚಕ್ರ ಜಾರುತ್ತದೆ, ಇಲ್ಲಿ ಚಕ್ರ ಕುಣಿಯುತ್ತದೆ. ತಾಸಿನ ದಾರಿಯ ಎರಡು ತುದಿಯಲ್ಲಿ ಒಂದೇ ಗಾಡಿಗೆ ಎರಡು ಬೇರೆ ಕಾಯಿಲೆ. ಎರಡಕ್ಕೂ ಒಂದೇ ಔಷಧಿ ಬರೆಯುವವರನ್ನು ನಂಬುವುದು ಹೇಗೆ?

ಹೆಂಟೆಯ ನೆಲದಲ್ಲಿ ಸ್ಪ್ರಿಂಗ್ ಬಿಗಿ ಮಾಡುವುದು ಯಾಕೆ ಕೆಡುಕು ಎನ್ನುವುದಕ್ಕೆ ಸರಳ ಲೆಕ್ಕವಿದೆ. ಹತ್ತನೇ ಒಂದರ ಅಳತೆಯ ಬಗ್ಗಿಗೆ 3 ಸೆಂಟಿಮೀಟರಿನ ಹೆಂಟೆ ಎಂದರೆ ದೊಡ್ಡ ಕಾರಿಗೆ 30 ಸೆಂಟಿಮೀಟರಿನ ದಿಣ್ಣೆ. ಗಾಡಿಯ ಅಳತೆ ಕುಗ್ಗಿದರೂ ಭೂಮಿಯ ಗುರುತ್ವ ಕುಗ್ಗುವುದಿಲ್ಲವಾದ್ದರಿಂದ ಏಳುವುದು ಬೀಳುವುದು ಎಲ್ಲವೂ ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು ಮೂರು ಪಟ್ಟು ಬೇಗ ನಡೆದುಹೋಗುತ್ತದೆ. ಸೆಕೆಂಡಿಗೆ 8 ಮೀಟರ್ ಓಡುವ ಗಾಡಿಗೆ 40 ಸೆಂಟಿಮೀಟರಿಗೊಂದು ಹೆಂಟೆ ಸಿಕ್ಕರೆ ಸೆಕೆಂಡಿಗೆ 20 ಏಟು. ಸ್ವಂತ ಭಾರಕ್ಕೆ 12 ಮಿಲಿಮೀಟರ್ ಕೂರುವ ಸ್ಪ್ರಿಂಗಿನ ಮೇಲೆ ಗಾಡಿ ತಾನಾಗಿ ತೂಗುವುದು ಸೆಕೆಂಡಿಗೆ ನಾಲ್ಕೈದು ಸಲ. ಅಂದಮೇಲೆ ಚಾಸಿ ನೆಟ್ಟಗೆ ಸಾಗುತ್ತ, ಅದರ ಕೆಳಗೆ ಚಕ್ರವಷ್ಟೇ ಸರಸರ ಮೇಲೆ ಕೆಳಗೆ ಆಡಬೇಕು. ಸ್ಪ್ರಿಂಗ್ ಬಿಗಿಯಾದಂತೆ ಪ್ರತಿ ಏಟೂ ಚಾಸಿಗೆ ದಾಟುತ್ತದೆ, ಚಕ್ರ ಗಾಳಿಯಲ್ಲಿ ಕಳೆಯುವ ಹೊತ್ತು ಹೆಚ್ಚುತ್ತದೆ. ನೆಲ ಮುಟ್ಟದ ಚಕ್ರ ತಿರುಗಿಸಲೂ ಆರದು, ತಡೆಯಲೂ ಆರದು. ಹಿಂದಿನ ಚಕ್ರ ಜಾರಿತು ಎಂದು ನಾವು ದೂರುವ ಎಷ್ಟೋ ಸಲ ಅದು ಜಾರಿರುವುದಿಲ್ಲ, ನೆಲದ ಮೇಲೇ ಇರುವುದಿಲ್ಲ.

ಈ ಹವ್ಯಾಸದ ಇತಿಹಾಸವೂ ಇದನ್ನೇ ಹೇಳುತ್ತದೆ. 1984ರಲ್ಲಿ ಜಪಾನಿನ ಟಮಿಯಾ ಕಂಪನಿ ತಂದ ಗ್ರಾಸ್‌ಹಾಪರ್ ಬಗ್ಗಿಯಲ್ಲಿ ಸ್ಪ್ರಿಂಗ್ ಇತ್ತು, ಎಣ್ಣೆಯ ಶಾಕ್ ಇರಲಿಲ್ಲ. ಅದು ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಮಕ್ಕಳಿಗೆ ಅದರಲ್ಲಿ ಖುಷಿಯೇ ಇತ್ತು, ಇದನ್ನು ಅಲ್ಲಗಳೆಯುತ್ತಿಲ್ಲ. ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿಗಾಗಿ ರೋಜರ್ ಕರ್ಟಿಸ್ ರೂಪಿಸಿದ ಆರ್‌ಸಿ10 ಬಂತು. ನಾಲ್ಕೂ ಮೂಲೆಗೆ ಉದ್ದನೆಯ ಎಣ್ಣೆ ಶಾಕ್, ಚಕ್ರಕ್ಕೆ ಧಾರಾಳವಾಗಿ ಮೇಲೆ ಕೆಳಗೆ ಆಡಲು ಜಾಗ. ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ, ಹತ್ತನೇ ಒಂದರ ಅಳತೆಯ ಬಗ್ಗಿಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನ ಎರಡು ಚಕ್ರ ಚಾಲನೆಯ ವಿಭಾಗವನ್ನು ಅದೇ ಗೆದ್ದಿತು. ಸ್ಪ್ರಿಂಗ್ ಶಕ್ತಿಯನ್ನು ಕೂಡಿಟ್ಟು ಹಿಂದಿರುಗಿಸುತ್ತದೆ, ಎಣ್ಣೆ ಅದನ್ನು ಬಿಸಿಯಾಗಿಸಿ ಕಳೆದುಬಿಡುತ್ತದೆ. ಒರಟು ನೆಲದಲ್ಲಿ ಬೇಕಾದದ್ದು ಈ ಎರಡನೆಯ ಕೆಲಸ. ನಲವತ್ತು ವರ್ಷ ಕಳೆದರೂ ಈ ಸಂಗತಿಯನ್ನು ಮತ್ತೆ ಮತ್ತೆ ವಾದಿಸಿ ಹೇಳಬೇಕಾಗಿದೆ.

ಎಣ್ಣೆ ಎಂದಕೂಡಲೆ ಎಲ್ಲರೂ ಅದರ ಮಂದ ತೆಳುವಿನ ಮಾತಾಡುತ್ತಾರೆ. ಪಿಸ್ಟನ್ನಿನ ತೂತಿನ ಬಗ್ಗೆ ಮಾತಾಡುವವರು ಕಡಿಮೆ. ನಿಜವಾದ ರುಚಿ ಇರುವುದು ಅಲ್ಲೇ. ಸಣ್ಣ ತೂತಿನಲ್ಲಿ ಎಣ್ಣೆ ನಿಧಾನವಾಗಿ ಹರಿಯುವಾಗ ಅದಕ್ಕೆ ಎದುರಾಗುವ ತಡೆ ತೂತಿನ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ. 1.2 ಮಿಲಿಮೀಟರಿನ ತೂತನ್ನು 1.3 ಮಾಡಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ತಡೆ ಮಾತ್ರ ಕಾಲು ಭಾಗಕ್ಕೂ ಹೆಚ್ಚು ಇಳಿದಿರುತ್ತದೆ. ಈಗ ಎರಡು ಶಾಕ್ ತೆಗೆದುಕೊಳ್ಳಿ. ಒಂದರಲ್ಲಿ ಸಣ್ಣ ತೂತು, ತೆಳು ಎಣ್ಣೆ. ಇನ್ನೊಂದರಲ್ಲಿ ದೊಡ್ಡ ತೂತು, ಮಂದ ಎಣ್ಣೆ. ಬೆರಳಿನಿಂದ ನಿಧಾನಕ್ಕೆ ಒತ್ತಿದರೆ ಎರಡೂ ಒಂದೇ ಬಿಗಿ. ಹೆಂಟೆಯ ಏಟು ಬಿದ್ದಾಗ ಗುಟ್ಟು ಹೊರಬೀಳುತ್ತದೆ. ಸಣ್ಣ ತೂತಿನಲ್ಲಿ ವೇಗವಾಗಿ ನುಗ್ಗುವ ತೆಳು ಎಣ್ಣೆ ಸುಳಿಯೆದ್ದು, ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರಿ, ಶಾಕ್ ಆ ಗಳಿಗೆ ಕಬ್ಬಿಣದ ಸಲಾಕೆಯಾಗಿಬಿಡುತ್ತದೆ. ಇದಕ್ಕೇ ಶಾಕ್ ‘ಪ್ಯಾಕ್’ ಆಯಿತು ಎನ್ನುವುದು. ದೊಡ್ಡ ತೂತು, ಮಂದ ಎಣ್ಣೆಯ ಶಾಕ್ ಅದೇ ಏಟಿಗೆ ತಲೆಬಾಗಿ ಚಕ್ರವನ್ನು ಮೇಲೆ ಬಿಡುತ್ತದೆ. ಎರೆಯ ಹೆಂಟೆಗೆ ಬೇಕಾದದ್ದು ಇದು. ದೊಡ್ಡ ಜಿಗಿತಗಳಿರುವ ಟ್ರ್ಯಾಕಿನಲ್ಲಿ ಪ್ಯಾಕ್ ಆಗುವ ಶಾಕೇ ಉಪಕಾರಿ, ಯಾಕೆಂದರೆ ಎತ್ತರದಿಂದ ಬಿದ್ದಾಗ ಚಾಸಿಯನ್ನು ನೆಲಕ್ಕೆ ಬಡಿಯದಂತೆ ಹಿಡಿಯುವುದು ಆ ತಡೆ. ಆದರೆ ಅಂಥ ಜಿಗಿತ ಈ ಬಯಲಲ್ಲಿ ಎಷ್ಟಿವೆ? ಕಾಲುವೆ ಏರಿಯಿಂದ ಹಾರಿಸುವುದನ್ನು ಬಿಟ್ಟರೆ ಗದ್ದೆಯ ಬದುವೇ ಇಲ್ಲಿನ ದೊಡ್ಡ ಜಿಗಿತ. ಹೊಂದಿಕೆ ಸರಿಯಿದೆಯೇ ಎಂದು ನೋಡಲು ಯಾವ ಯಂತ್ರವೂ ಬೇಡ. ಒಂದು ಗೇಣು ಎತ್ತರದಿಂದ ಗಾಡಿಯನ್ನು ಮಟ್ಟವಾಗಿ ಬಿಡಿ. ಚಾಸಿ ಕೆಳಗಿಳಿದು, ಒಂದೇ ಸಲ ಮೇಲೆ ಬಂದು, ನಿಲ್ಲಬೇಕು. ಮತ್ತೆ ಪುಟಿದರೆ ಎಣ್ಣೆ ತೆಳುವಾಯಿತು. ದಬ್ ಎಂದು ಕಲ್ಲಿನಂತೆ ಕೂತರೆ ಮಂದವಾಯಿತು.

ಈ ಹೊಂದಿಕೆಗೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮರೆಮಾಚುವುದು ಸರಿಯಲ್ಲ. ಸುಳಿಯೇಳುವ ತೆಳು ಎಣ್ಣೆಯ ತಡೆ ಮುಖ್ಯವಾಗಿ ಎಣ್ಣೆಯ ಸಾಂದ್ರತೆಯನ್ನು ಅವಲಂಬಿಸಿದ್ದು, ಬಿಸಿಲಿಗೆ ಅಷ್ಟಾಗಿ ಬದಲಾಗದು. ಮಂದ ಎಣ್ಣೆಯ ತಡೆ ನಿಂತಿರುವುದು ಅದರ ಮಂದತನದ ಮೇಲೆ, ಮಂದತನವೋ ಬಿಸಿಗೆ ಕರಗುತ್ತದೆ. ಬಾಟಲಿಯ ಮೇಲೆ 350 ಸೆಂಟಿಸ್ಟೋಕ್ ಎಂದು ಬರೆದಿದ್ದರೆ ಅದು 25 ಡಿಗ್ರಿಯಲ್ಲಿ ಅಳೆದ ಮಂದತನ. ಸಿಲಿಕೋನ್ ಎಣ್ಣೆ ಬೇರೆ ಎಣ್ಣೆಗಳಿಗಿಂತ ಎಷ್ಟೋ ಸ್ಥಿರ, ಆದರೂ 45 ಡಿಗ್ರಿಗೆ ಏರಿದಾಗ ಸುಮಾರು ಮೂರನೇ ಒಂದು ಭಾಗದಷ್ಟು ತೆಳುವಾಗುತ್ತದೆ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುವಾಗ, ಬಿಸಿಲಿಗೊಡ್ಡಿದ ಕಪ್ಪು ಲೋಹದ ಶಾಕ್ ಎಷ್ಟು ಕಾಯುತ್ತದೆಂದು ಮುಟ್ಟಿದವರಿಗೆ ಗೊತ್ತು. ಅಂದರೆ ಬೆಳಿಗ್ಗೆ ಆರಕ್ಕೆ ಹದವಾಗಿ ಕೂರಿಸಿದ ಗಾಡಿ ಹನ್ನೊಂದರ ಹೊತ್ತಿಗೆ, ಯಾರೂ ಕೈಹಚ್ಚದೆಯೂ, ತೂತು ಒಂದು ಅಳತೆ ದೊಡ್ಡದಾದಂತೆ ವರ್ತಿಸುತ್ತದೆ. ಇದಕ್ಕೆ ಉತ್ತರ, ಬೇಸಿಗೆಗೆ ಬೇರೆ ಬಾಟಲಿ ಇಟ್ಟುಕೊಳ್ಳುವುದು, ಅಷ್ಟೇ. ಬೆಳಗಿನ 350ರ ಜಾಗಕ್ಕೆ ಮಧ್ಯಾಹ್ನ 500. ಎಣ್ಣೆ ಬದಲಿಸುವುದು ತಾಪತ್ರಯ ಎನ್ನುವವರು ತಿರುಪು ಸಡಿಲಿಸಿ ಸ್ಪ್ರಿಂಗ್ ಬದಲಿಸಲೂ ಹೊತ್ತು ಕಳೆಯುತ್ತಾರೆ. ಬಾಟಲಿ ಕೊಳ್ಳುವಾಗ ‘ವೇಟ್’ ಎಂಬ ಅಂಕಿಯನ್ನು ನಂಬಬಾರದು, ಅದು ಕಂಪನಿಯಿಂದ ಕಂಪನಿಗೆ ಬೇರೆ. ಸೆಂಟಿಸ್ಟೋಕ್ ಒಂದೇ ನಿಜವಾದ ಅಳತೆ.

ಇಲ್ಲಿಯವರೆಗಿನದು ತಾಳ್ಮೆಯಿಂದ ಆಡಬಹುದಾದ ಜಗಳ. ಸೆಟಪ್ ಶೀಟಿನ ವಿಷಯಕ್ಕೆ ಬಂದರೆ ತಾಳ್ಮೆ ಉಳಿಯುವುದಿಲ್ಲ. ಚಾಂಪಿಯನ್ ಒಬ್ಬನ ಗಾಡಿಯ ಪ್ರತಿ ತಿರುಪಿನ ಅಳತೆಯೂ ಇರುವ ಆ ಒಂದು ಪುಟವನ್ನು ಮಂತ್ರದ ಹಾಗೆ ಹಿಡಿದುಕೊಂಡು, ಅದರಂತೆ ಚಕ್ರದ ವಾಲಿಕೆ, ಅಂದರೆ ಕ್ಯಾಂಬರ್ ಕೂರಿಸಿ, ಅದರಂತೆ ಸ್ಪ್ರಿಂಗ್ ತರಿಸಿ, ಗಾಡಿ ಮಗುಚಿದಾಗ ಚಾಲಕನ ಕೈಯನ್ನು ಬೈಯುವವರಿದ್ದಾರೆ. ಆ ಪುಟದ ಮೇಲ್ತುದಿಯಲ್ಲೇ ಟ್ರ್ಯಾಕಿನ ನೆಲ ಯಾವುದು, ಹಿಡಿತ ಎಷ್ಟು, ಒದ್ದೆಯೋ ಒಣವೋ ಎಂದು ಗುರುತು ಹಾಕುವ ಚೌಕಗಳಿರುತ್ತವೆ. ಅದನ್ನು ಓದುವವರು ಯಾರು? ಯುರೋಪಿನ ಕೃತಕ ಹುಲ್ಲಿಗೆ, ಜಮಖಾನೆಗೆ, ಕ್ಯಾಲಿಫೋರ್ನಿಯಾದಲ್ಲಿ ನೀರುಣಿಸಿ ರೋಲರ್ ಹೊಡೆದ ಜೇಡಿನೆಲಕ್ಕೆ ಬರೆದದ್ದನ್ನು ಎರೆಹೊಲಕ್ಕೆ ಹೊಂದಿಸುವುದು ಕಲಿಕೆಯಲ್ಲ, ನಕಲು. ಪಕ್ಕದ ಮಸಾರಿ ಹೊಲದವನು ಕೂರಿಗೆ ಹೂಡಿದ ಎಂದು ತನ್ನ ಎರೆಯಲ್ಲೂ ಅದೇ ದಿನ ಹೂಡುವ ರೈತ ಸಿರುಗುಪ್ಪ ಸೀಮೆಯಲ್ಲಿಲ್ಲ. ಕೈಗೆ ಮಣ್ಣು ತೆಗೆದುಕೊಂಡು ಹಿಸುಕಿ ನೋಡದೆ ಅವನು ಹೊಲಕ್ಕೇ ಇಳಿಯುವುದಿಲ್ಲ. ಅಂಥವರ ಮನೆಯಲ್ಲಿ ಹುಟ್ಟಿದ ಹುಡುಗರಿಗೂ ನೆಲ ನೋಡುವ ಮೊದಲು ಪುಟ ನೋಡಲು ಹೇಳಿಕೊಡುತ್ತಿದ್ದಾರಲ್ಲ, ಅದು ನಿಜಕ್ಕೂ ಸಿಟ್ಟು ತರಿಸುತ್ತದೆ.

ಹಾಗಾದರೆ ಮೆತ್ತನೆಯ ಗಾಡಿ ಮಗುಚುವುದಿಲ್ಲವೇ ಎಂದು ಕೇಳಬಹುದು. ಮಗುಚುತ್ತದೆ, ಮಳೆ ಬಿಟ್ಟ ಹೊಸತರಲ್ಲಿ, ಎರೆ ಹಿಡಿತ ಕೊಡುವ ಆ ಕೆಲವು ದಿನ. ಹೊರಗಿನ ಚಕ್ರ ನೆಲಕ್ಕೆ ಕಚ್ಚಿಕೊಂಡಾಗ ಗಾಡಿಯ ಭಾರ ಅದರ ಮೇಲೆ ಹೊರಳುತ್ತದೆ. ಆಗಲೂ ಮೊದಲ ಔಷಧಿ ಸ್ಪ್ರಿಂಗ್ ಅಲ್ಲ. ಗಾಡಿಯನ್ನು ಒಂದೆರಡು ಮಿಲಿಮೀಟರ್ ತಗ್ಗಿಸಬೇಕು, ಮುಂದಿನ ಟೈರಿನ ಹೊರ ಅಂಚಿನ ಮುಳ್ಳುಗಳನ್ನು ಕತ್ತರಿಸಬೇಕು. ಹಿಡಿತ ಹೆಚ್ಚಾದದ್ದು ಟೈರಿನಲ್ಲಿ, ಕಡಿಮೆ ಮಾಡಬೇಕಾದದ್ದೂ ಅಲ್ಲೇ. ಸ್ಟೆಬಿಲೈಸರ್ ಬಾರ್ ಹಾಕಿದರೆ ಹೊರಳುವುದು ನಿಲ್ಲುತ್ತದೆ ಎನ್ನುವುದು ನಿಜವೇ. ಆದರೆ ಆ ಸರಳು ಎಡಬಲದ ಚಕ್ರಗಳನ್ನು ಒಂದಕ್ಕೊಂದು ಕಟ್ಟುವುದರಿಂದ ಎಡಚಕ್ರ ಹೆಂಟೆ ಹತ್ತಿದಾಗ ಬಲಚಕ್ರವೂ ಮೇಲೆ ಎಳೆಯಲ್ಪಡುತ್ತದೆ. ನೆಲ ಒಣಗಿ ಒರಟಾದ ಕೂಡಲೆ ಅದನ್ನು ಬಿಚ್ಚಿಡಬೇಕು. ಚಕ್ರ ಕೆಳಗೆ ಜೋತಾಡುವ ಅಳತೆಯನ್ನೂ ಆಗ ಹೆಚ್ಚಿಸಬೇಕು, ತಗ್ಗು ಬಂದಾಗ ಚಕ್ರ ಇಳಿದು ನೆಲ ಹುಡುಕುವಂತಿರಬೇಕು.

ಇಷ್ಟೆಲ್ಲ ಹೊಂದಿಸುವ ಬದಲು ನೆಲವನ್ನೇ ಹೊಂದಿಸಬಾರದೇ ಎಂಬುದು ಕೊನೆಯ ಆಕ್ಷೇಪ, ಮತ್ತು ಅದೇ ಅತ್ಯಂತ ಒಳ್ಳೆಯ ಪ್ರಶ್ನೆ. ಹೊಂದಿಸಬಹುದು. ಆ ವಿದ್ಯೆ ಇಲ್ಲಿಯದೇ. ಕಟಾವು ಯಂತ್ರ ಬರುವ ಮೊದಲು ಸುಗ್ಗಿಗೆ ಕಣ ಮಾಡುತ್ತಿದ್ದವರು ಮಾಡುತ್ತಿದ್ದದ್ದು ಇದನ್ನೇ. ನೆಲ ಕೆತ್ತಿ, ನೀರು ಹಾಕಿ, ಎತ್ತು ತುಳಿಸಿ ಅಥವಾ ಗುಂಡು ಉರುಳಿಸಿ, ಬಿರುಕು ಕಂಡಲ್ಲಿ ಮತ್ತೆ ನೀರು ಚಿಮುಕಿಸಿ, ಕೊನೆಗೆ ಸಗಣಿ ಬಳಿಯುತ್ತಿದ್ದರು. ಸಗಣಿಯ ನಾರು ಮೇಲ್ಪದರವನ್ನು ಹಿಡಿದಿಡುತ್ತಿತ್ತು, ದೂಳು ಏಳುತ್ತಿರಲಿಲ್ಲ. ಬೇರೆ ದೇಶಗಳಲ್ಲಿ ಬಗ್ಗಿ ಟ್ರ್ಯಾಕಿನ ಜೇಡಿಗೆ ನೀರುಣಿಸಿ ರೋಲರ್ ಹೊಡೆಯುವುದು ಇದೇ ಕ್ರಮದಲ್ಲಿ. ಬರೀ ಎರೆಯಲ್ಲಿ ಟ್ರ್ಯಾಕ್ ಮಾಡಿದರೆ ಬೇಸಿಗೆಗೆ ಒಡೆಯುತ್ತದೆ. ಆದ್ದರಿಂದ ಗರಸು ಬೆರೆಸಬೇಕು, ಜೇಡಿ ಕುಗ್ಗುವಾಗ ಹರಳುಗಳು ಅದಕ್ಕೆ ಅಡ್ಡ ನಿಲ್ಲುತ್ತವೆ. ದೇಶನೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರಾಕ್ಟರುಗಳು ಓಡಾಡಿ ಮಾಡಿದ ದಾರಿಯ ಅಂಚನ್ನು ನೋಡಿದರೆ ತಿಳಿಯುತ್ತದೆ: ಗರಸು ಬಿದ್ದಲ್ಲಿ ನೆಲ ಹಲಗೆಯಂತೆ ಕೂತಿರುತ್ತದೆ, ಬರೀ ಎರೆ ಇದ್ದಲ್ಲಿ ಹಿಟ್ಟಾಗಿರುತ್ತದೆ. ಇಪ್ಪತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲದ ಪಾಳು ಜಾಗವನ್ನು ಹೀಗೆ ಹದ ಮಾಡಿಕೊಂಡರೆ ಆರಂಭಕ್ಕೆ ಸಾಕು. ನೀರು ಹಾಕುವುದು ಸಂಜೆಯೇ ಆಗಬೇಕು. ಮಟಮಟ ಮಧ್ಯಾಹ್ನ ಹಾಕಿದ ನೀರು ಮೇಲಷ್ಟೇ ಒದ್ದೆ ಮಾಡಿ, ಚಿಪ್ಪು ಚಿಪ್ಪಾಗಿ ಒಣಗಿ, ಮರುದಿನ ಚಕ್ರಕ್ಕೆ ಸಿಕ್ಕಿ ಎದ್ದುಬರುತ್ತದೆ. ಸಂಜೆ ಉಣಿಸಿ, ರಾತ್ರಿಯಿಡೀ ಇಂಗಲು ಬಿಟ್ಟು, ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗುರುತು ಮೂಡಿ ಮಣ್ಣು ಬೆರಳಿಗೆ ಅಂಟದಿದ್ದರೆ 350ರ ಎಣ್ಣೆ ಹಾಕಿ ಗಾಡಿ ಇಳಿಸಬಹುದು.